ನೀಲಿ ಹಾಸಿಗೆಯ ಹೊಟ್ಟೆಯಲ್ಲಿ

ಬೆಡ್‌ಶೀಟು ಮೇಲಿನಿಂದ ಒದ್ದೆಯಾಗಿರಲಿಲ್ಲ. ಕೆಳಗಿನಿಂದ ಒದ್ದೆಯಾಗಿತ್ತು.

ಇನ್‌ಸ್ಪೆಕ್ಟರಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅದರ ಮೇಲೆ ಮಲಗಿದ್ದ ಅವಳ ತಮ್ಮನ ಸೊಂಟ ತಾಗುವ ಕಡೆ ತೇವ ಈಗಷ್ಟೇ ಮೂಡುತ್ತಿತ್ತು. ಮಗುಚಿ ನೋಡಿದರೆ, ಹಾಸಿಗೆಗೆ ಅಂಟಿಕೊಂಡಿದ್ದ ಮಗ್ಗುಲಲ್ಲಿ ಅಂಗೈಯಗಲದ ಕಂದು ಕಲೆ, ಅದರ ಸುತ್ತ ಹಳದಿ ಅಂಚು.

ನರ್ಸುಗಳು ತಮ್ಮನನ್ನು ಒಂದು ಪಕ್ಕಕ್ಕೆ ಹೊರಳಿಸಿ ಹಿಡಿದಿದ್ದರು. ಅವನ ಬಾಯಲ್ಲಿ ಉಸಿರಿನ ನಳಿಗೆ, ಮೂಗಲ್ಲಿ ಊಟದ ನಳಿಗೆ. ಮೂತ್ರದ ನಳಿಗೆ ಎಲ್ಲೂ ಸೋರಿರಲಿಲ್ಲ. ಸಲೈನ್ ಚೆಲ್ಲಿರಲಿಲ್ಲ. ಹಾಗಾದರೆ ಈ ನೀರು ಯಾರದು?

ಅವಳು ಮಾಸ್ಕ್ ಕೆಳಗೆಳೆದು ಮೂಸಿದಳು. ಬ್ಲೀಚಿಂಗ್ ಪುಡಿಯ ಘಾಟು ಮೊದಲು ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಮುದುರಿಕೊಂಡು ಕೂತಿತ್ತು, ಹೂದಾನಿಯಲ್ಲಿ ಮರೆತುಬಿಟ್ಟ ನೀರಿನ ಹಾಗೆ.

"ಇವನನ್ನ ಈ ಹಾಸಿಗೆ ಮೇಲಿಂದ ಎತ್ತಿ," ಅಂದಳು. "ಈಗಲೇ."

ಊರಿಗಿದ್ದ ಒಂದೇ ಒಂದು ಐಸಿಯುವಿನಲ್ಲಿ ಈಗಾಗಲೇ ನಾಲ್ವರು ಸತ್ತಿದ್ದರು. ಬಂದದ್ದು ಬೇರೆ ಬೇರೆ ಕಾಯಿಲೆಗೆ, ಹೋದದ್ದು ಒಂದೇ ಸೋಂಕಿಗೆ, ಯಾವ ಆ್ಯಂಟಿಬಯಾಟಿಕ್ಕಿಗೂ ಜಗ್ಗದ ಸೋಂಕಿಗೆ. ಯಾರೋ ಬೇಕೆಂದೇ ಅಂಟಿಸುತ್ತಿದ್ದಾರೆ ಎಂದು ಸತ್ತವರ ಮನೆಯವರು ನಿವೃತ್ತಳಾಗಿದ್ದ ಇನ್‌ಸ್ಪೆಕ್ಟರಮ್ಮನನ್ನು ಹಿಡಿದು ತಂದಿದ್ದರು. ಅವಳು ವಿಚಾರಣೆ ಶುರು ಮಾಡಿದ ವಾರದಲ್ಲೇ ತಮ್ಮ ಏಣಿಯಿಂದ ಬಿದ್ದು, ಪಕ್ಕೆಲುಬು ಮುರಿದುಕೊಂಡು, ಅದೇ ಐಸಿಯುಗೆ ಬಂದು ಮಲಗಿದ. ಮೊನ್ನೆಯಿಂದ ಅವನಿಗೆ ಜ್ವರ. ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರು. ಅದರಲ್ಲಿ ಆ ಕ್ರಿಮಿ ಬೆಳೆಯಿತೋ ಇಲ್ಲವೋ ಎನ್ನುವುದು ಇನ್ನೂ ಗೊತ್ತಾಗಬೇಕಿತ್ತು.

ತಮ್ಮನನ್ನು ಪಕ್ಕದ ಸಾದಾ ಹಾಸಿಗೆಗೆ ಎತ್ತಿ ಹಾಕಿದರು. ನೀಲಿ ಹಾಸಿಗೆಯನ್ನು ತಳ್ಳುಗಾಡಿಯ ಮೇಲೆ ಹಾಕಿ, ಹಿಂದಿನ ಸಾಮಾನು ಕೋಣೆಗೆ ಒಯ್ಯಿರಿ ಎಂದಳು.

ಗಾಜಿನ ಬಾಗಿಲ ಆಚೆ ತಮ್ಮನ ಹೆಂಡತಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಅತ್ತಿಗೆ, ಆ ಮೆತ್ತನೆ ಹಾಸಿಗೆ ಯಾಕೆ ತೆಗೆಸಿದ್ರಿ? ಅವರ ಬೆನ್ನು ಹುಣ್ಣಾಗಿದೆಯಲ್ಲ. ಕೈಕಾಲು ಹಿಡಿದು ಕೇಳ್ಕೊಂಡು ಹಾಕಿಸಿದ್ದೆ ನಾನು."

ಇನ್‌ಸ್ಪೆಕ್ಟರಮ್ಮ ಅವಳ ಭುಜ ಒತ್ತಿ ಮುಂದೆ ನಡೆದಳು. ಕಾರಣ ಹೇಳಿದ್ದರೆ ಆ ಹುಡುಗಿ ಅಲ್ಲೇ ಕುಸಿಯುತ್ತಿದ್ದಳು.

ಮೆತ್ತನೆ ಹಾಸಿಗೆ. ಅದೇ ಮಾತು ಅವಳ ತಲೆಯೊಳಗೆ ಬೆಳಗಿನಿಂದ ಕೊರೆಯುತ್ತಿತ್ತು. ಸತ್ತವರಲ್ಲಿ ಒಬ್ಬರು ಕಿಟಕಿಯ ಪಕ್ಕದ ಮಂಚದವರು, ಒಬ್ಬರು ಕಂಬದ ಪಕ್ಕ, ಒಬ್ಬರು ಬಾಗಿಲ ಹತ್ತಿರ, ಇನ್ನೊಬ್ಬರು ಮೂಲೆಯವರು. ಮಂಚಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಅದಕ್ಕೇ ಐಸಿಯುವಿನ ದೊಡ್ಡ ಡಾಕ್ಟರು, ಇದು ಮಂಚದಿಂದ ಮಂಚಕ್ಕೆ ಓಡಾಡುವ ಕೈಯೇ ಎಂದು ತೀರ್ಮಾನಿಸಿ, ಕಫ ಬಿಡಿಸಲು ರೋಗಿಗಳ ಎದೆ ತಟ್ಟುವ ಫಿಸಿಯೋಥೆರಪಿಯವನನ್ನು ಮನೆಗೆ ಅಟ್ಟಿದ್ದರು. ಪತ್ರಿಕೆಯವರಿಗೂ ಹೇಳಿದ್ದರು. ಆಸ್ಪತ್ರೆ ನಿಟ್ಟುಸಿರು ಬಿಟ್ಟಿತ್ತು. ತಪ್ಪಿತಸ್ಥ ಸಿಕ್ಕಿದ ಮೇಲೆ ಹುಡುಕುವ ಕಷ್ಟ ಯಾರಿಗೆ ಬೇಕು?

ಆದರೆ ತಮ್ಮ ಬಂದದ್ದು ಆ ಎದೆ ತಟ್ಟುವವನು ಮನೆ ಸೇರಿದ ಮೇಲೆ. ಅವನ ಕೈ ತಮ್ಮನ ಮೈಗೆ ಸೋಕಿಯೇ ಇರಲಿಲ್ಲ.

ಹಾಗಾಗಿ ಬೆಳಿಗ್ಗೆ ಸತ್ತವರ ಮನೆಗಳಿಗೆಲ್ಲ ಫೋನು ಮಾಡಿ, ಯಾರ ಮೇಲೆ ಸಂಶಯ ಅಂತ ಕೇಳುವುದು ಬಿಟ್ಟು, ಯಾರು ಒಳ್ಳೆಯವರಿದ್ದರು ಅಂತ ಕೇಳಿದ್ದಳು. ಪೊಲೀಸಿನಲ್ಲಿದ್ದಾಗ ಕಲಿತ ಉಪಾಯ ಅದು. ಬೈಯುವಾಗ ಜನ ಏನನ್ನೋ ಮುಚ್ಚಿಡುತ್ತಾರೆ, ಹೊಗಳುವಾಗ ಇದ್ದದ್ದೆಲ್ಲ ಹೇಳುತ್ತಾರೆ. ನಾಲ್ಕೂ ಮನೆಯವರು ಅದನ್ನೇ ಹೇಳಿದರು: ಪಾಪ, ಕೊನೆಯಲ್ಲಿ ಬೆನ್ನು ಹುಣ್ಣಾಗಬಾರದು ಅಂತ ಮೆತ್ತನೆ ಹಾಸಿಗೆ ಕೊಟ್ಟರು.

ಐಸಿಯುವಿನಲ್ಲಿ ಅಂಥ ಹಾಸಿಗೆ ಇದ್ದದ್ದು ಒಂದೇ. ಬಹಳ ದಿನ ಮಲಗುವವರಿಗೆ, ಸೊಂಟದ ಚರ್ಮ ಕೆಂಪಾಗತೊಡಗಿದವರಿಗೆ, ದಯೆಯಿಂದ ಕೊಡುತ್ತಿದ್ದದ್ದು. ಮಂಚಕ್ಕೆ ನಂಬರಿತ್ತು, ಯಂತ್ರಕ್ಕೆ ನಂಬರಿತ್ತು. ದಯೆಗೆ ಯಾರು ನಂಬರು ಹಾಕುತ್ತಾರೆ? ಒಬ್ಬರು ಸತ್ತರೆ ಅದನ್ನು ಒರೆಸಿ, ಒಣಗಿಸಿ, ಇನ್ನೊಬ್ಬರ ಕೆಳಗೆ ಹಾಸುತ್ತಿದ್ದರು.

ಒರೆಸುತ್ತಿದ್ದವಳು ಹಿರಿಯ ಸಿಸ್ಟರ್. ಎಲ್ಲರೂ ಬೆನ್ನ ಹಿಂದೆ ಅವಳನ್ನು ಫಿನಾಯಿಲಕ್ಕ ಅನ್ನುತ್ತಿದ್ದರು, ಈಚೆಗೆ ಎದುರಿಗೂ. ನಲ್ಲಿಯನ್ನು ಒರೆಸಿ ಆಮೇಲೆ ತಿರುಗಿಸುವ ಜಾತಿ. ಮೊದಲ ಸಾವಾದ ದಿನದಿಂದ ಬ್ಲೀಚಿಂಗ್ ನೀರನ್ನು ಬೇರೆಯವರ ಕೈಗೆ ಬಿಡದೆ ತಾನೇ ಕಲಸುತ್ತಿದ್ದಳು. ಬೆರಳಿನ ತುದಿಗಳ ಸಿಪ್ಪೆ ಎದ್ದು ಹೋಗಿತ್ತು.

ಸಾಮಾನು ಕೋಣೆಗೆ ಅವಳೂ ಬಂದಳು. ಲ್ಯಾಬಿನಿಂದ ಬೂಷ್ಟು ಡಾಕ್ಟರೂ ಬಂದ. ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸುವುದೇ ಅವನ ಉದ್ಯೋಗ, ಹಾಗಾಗಿ ಆ ಹೆಸರು. ಕ್ರಿಮಿಗಳ ಬಗ್ಗೆ ಮಾತಾಡುವಾಗ ಮಾತ್ರ ಅವನ ಮುಖಕ್ಕೆ ಕಳೆ ಬರುತ್ತಿತ್ತು.

ಹಾಸಿಗೆಯನ್ನು ನಾನು ಪರೀಕ್ಷೆ ಮಾಡಿದ್ದೇನೆ ಎಂದು ಅವನು ಬಂದವನೇ ಶುರು ಮಾಡಿದ. ನಲ್ಲಿ, ಸಿಂಕು, ಯಂತ್ರದ ಗುಂಡಿಗಳು, ಎಲ್ಲರ ಅಂಗೈ, ಎಲ್ಲದರ ಮೇಲೂ ಹತ್ತಿ ಆಡಿಸಿ ಬೆಳೆಸಿ ನೋಡಿದ್ದನಂತೆ. ಹಾಸಿಗೆಯ ಮೇಲೆ ಒಂದು ಚುಕ್ಕೆಯೂ ಬೆಳೆದಿರಲಿಲ್ಲ.

"ಮೇಲೆ," ಅಂದಳು ಇನ್‌ಸ್ಪೆಕ್ಟರಮ್ಮ.

ಅವನು ಬಗ್ಗಿ ಹಾಸಿಗೆಯ ಅಡಿ ನೋಡಿದ.

ಕೈಗವಸು ಹಾಕಿಕೊಂಡು ಅವಳು ಹಾಸಿಗೆಯ ಮೇಲೆ ಮೊಣಕಾಲು ಊರಿ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ನೀಲಿ ಬಟ್ಟೆಯ ಮೇಲೆ ಬೆವರಿನಂತೆ ಸಣ್ಣ ಸಣ್ಣ ಹನಿಗಳು ಎದ್ದವು. ಹನಿಗಳು ಕೂಡಿಕೊಂಡು, ಕಂದುಬಣ್ಣದ ಒಂದು ಗೆರೆಯಾಗಿ, ನೆಲಕ್ಕೆ ತೊಟ್ಟಿಕ್ಕಿದವು.

ಫಿನಾಯಿಲಕ್ಕ ಹಿಂದೆ ಸರಿದಳು. ಅದು ಸಾಧ್ಯವೇ ಇಲ್ಲ ಎಂದಳು. ನೀರು ಒಳಗೆ ಹೋಗದ ಬಟ್ಟೆ ಅದು. ಅಲ್ಲದೆ ಹಾಸಿಗೆ ಹೊಸದು, ಮೂರನೆಯವರು ತೀರಿಕೊಂಡ ಮೇಲೆ ದೊಡ್ಡ ಡಾಕ್ಟರೇ ಹೊಸದು ತರಿಸಿದ್ದು, ತಾನೇ ಕಣ್ಣಾರೆ ಕಂಡದ್ದು.

"ಹೊಸ ಹಾಸಿಗೆ ಕಂಡ್ರೋ, ಹೊಸ ಹೊದಿಕೆ ಕಂಡ್ರೋ?"

ಫಿನಾಯಿಲಕ್ಕ ಬಗ್ಗಿ ಹೊದಿಕೆಯ ಹೊಲಿಗೆಯನ್ನು ತಡವಿದಳು.

ಜಿಪ್ಪು ಕಾಲಿನ ಕಡೆ ಇತ್ತು, ಮಡಿಕೆಯ ಒಳಗೆ ಅಡಗಿಕೊಂಡು. ಇನ್‌ಸ್ಪೆಕ್ಟರಮ್ಮ ಎಳೆದಳು. ಒಳಗೆ ಇನ್ನೊಂದು ಹೊದಿಕೆ ಇತ್ತು. ಹಳೆಯದು. ನೀಲಿ ಹೋಗಿ ಬೂದಿಯಾಗಿತ್ತು, ಅಲ್ಲಲ್ಲಿ ಕಪ್ಪು. ಕೊಳೆತ ಹಾಸಿಗೆಗೆ ಯಾರೋ ಹೊಸ ಬಟ್ಟೆ ತೊಡಿಸಿ ಮದುಮಗಳಂತೆ ಕೂರಿಸಿದ್ದರು.

ಆ ಎರಡನೆಯ ಜಿಪ್ಪು ಎಳೆದಾಗ ಕೋಣೆಯಲ್ಲಿ ಎಲ್ಲರೂ ಬಾಯಿ ಬಿಗಿಹಿಡಿದರು, ತೆರೆದರೆ ವಾಸನೆ ಒಳಗೆ ಹೋಗುತ್ತಿತ್ತು.

ಹಳದಿ ಸ್ಪಂಜು ಹಳದಿಯಾಗಿ ಉಳಿದಿದ್ದದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ. ನಡುವೆ, ಮನುಷ್ಯನ ಸೊಂಟವೂ ಬೆನ್ನೂ ಊರುವ ಜಾಗದಲ್ಲಿ, ಅದು ಚಹಾದ ಕಷಾಯದ ಬಣ್ಣಕ್ಕೆ ತಿರುಗಿ, ಒತ್ತಿದರೆ ಪಿಚಕ್ಕೆನ್ನುವ ಮುದ್ದೆಯಾಗಿತ್ತು. ಅದರ ಮೇಲೆ ಲೋಳೆಯ ಒಂದು ಪದರ ಮಿರುಗುತ್ತಿತ್ತು. ಯಾರದೋ ಉದ್ದನೆಯ ನರೆಗೂದಲು ಅಂಟಿಕೊಂಡಿತ್ತು. ಎಷ್ಟು ಜನರ ರಕ್ತ, ಕೀವು, ಮೂತ್ರ, ಬೆವರು ಅದರೊಳಗೆ ಇಳಿದು ಒಟ್ಟಿಗೆ ಬಾಳುವೆ ಮಾಡುತ್ತಿದ್ದವೋ. ಇನ್‌ಸ್ಪೆಕ್ಟರಮ್ಮ ಹೆಣಗಳನ್ನು ಕಂಡವಳು, ಬಾವಿಯಿಂದ ಎತ್ತಿದ್ದನ್ನೂ ಕಂಡವಳು. ಅವು ಸತ್ತಿದ್ದವು, ಸುಮ್ಮನಿದ್ದವು. ಇದು ಬದುಕಿತ್ತು. ಬದುಕಿ, ಉಂಡು, ಕೊಬ್ಬಿತ್ತು. ಇದರ ಮೇಲೆ ತಮ್ಮ ಮಲಗಿದ್ದ, ಬೆನ್ನಿನ ಹುಣ್ಣನ್ನು ಇದಕ್ಕೆ ತಾಗಿಸಿಕೊಂಡು.

ಬೂಷ್ಟು ಡಾಕ್ಟರ್ ಗೋಡೆಯ ಕಡೆ ತಿರುಗಿ ಒಮ್ಮೆ ಓಕರಿಸಿದ. ನಂತರ ನಾಚಿಕೆಯಿಂದ ಬಾಯಿ ಒರೆಸಿಕೊಂಡು, ಹಳೆಯ ಹೊದಿಕೆಯನ್ನು ಎರಡು ಕಡೆ ಹಿಡಿದು ಜೋಲಿಯ ಹಾಗೆ ಮಾಡಿ, ಅದರೊಳಗೆ ಸ್ವಲ್ಪ ನೀರು ಸುರಿಯಲು ಹೇಳಿದ. ನೀರು ಒಂದು ಗಳಿಗೆ ನಿಂತಿತು. ಆಮೇಲೆ ಸೋಸಣಿಗೆಯಿಂದ ಇಳಿದಂತೆ ಇಳಿಯಿತು. ಹೊಸ ಹೊದಿಕೆಗೆ ಸುರಿದಾಗಲೂ ಹಾಗೇ, ಕೊಂಚ ನಿಧಾನವಾಗಿ.

"ಬ್ಲೀಚಿಂಗು," ಅಂದ. "ಹದವಾಗಿ ಹಾಕಿದ್ರೆ ಕ್ರಿಮಿ ಸಾಯುತ್ತೆ. ಜಾಸ್ತಿ ಗಟ್ಟಿ ಹಾಕಿ ದಿನಾ ಉಜ್ಜಿದ್ರೆ ಬಟ್ಟೆ ಮೇಲಿನ ಲೇಪಾನೇ ತಿಂದುಹಾಕುತ್ತೆ. ಆಮೇಲೆ ಮಲಗಿದವರದ್ದೆಲ್ಲ ಒಳಗೆ ಇಳಿಯುತ್ತೆ. ಮುಂದಿನವರು ಮಲಗಿದಾಗ ಅವರ ಭಾರಕ್ಕೆ ಮೇಲೆ ಬರುತ್ತೆ."

ಒಳಗಿರುವ ಕ್ರಿಮಿಗೆ ಬ್ಲೀಚಿಂಗು ತಲುಪುತ್ತಲೇ ಇರಲಿಲ್ಲ. ತಲುಪುತ್ತಿದ್ದದ್ದು ರೋಗಿಗಳಿಗೆ ಕೊಟ್ಟ ಆ್ಯಂಟಿಬಯಾಟಿಕ್ಕಿನ ಚೂರುಪಾರು, ಅವರ ಮೂತ್ರದಲ್ಲಿ, ರಕ್ತದಲ್ಲಿ. ಅದನ್ನು ದಿನಾ ಸ್ವಲ್ಪ ಸ್ವಲ್ಪ ಕುಡಿದು ಕುಡಿದು, ಒಂದೊಂದು ಔಷಧಿಯನ್ನೂ ಅರಗಿಸಿಕೊಳ್ಳಲು ಕಲಿತುಬಿಟ್ಟಿದೆ ಎಂದ. ಅವನ ಮುಖಕ್ಕೆ ಎಂದಿನ ಕಳೆ ಬರಲಿಲ್ಲ.

ಫಿನಾಯಿಲಕ್ಕ ತನ್ನ ಸಿಪ್ಪೆ ಎದ್ದ ಬೆರಳುಗಳನ್ನೇ ನೋಡುತ್ತಿದ್ದಳು.

"ಮೊದಲಿಂದಲೂ ಎರಡರಷ್ಟು ಹಾಕ್ತಿದ್ದೆ ನಾನು," ಅಂದಳು. "ಪ್ರತಿಯೊಬ್ಬರು ಹೋದಾಗಲೂ ಇನ್ನೂ ಸ್ವಲ್ಪ ಜಾಸ್ತಿ ಹಾಕ್ದೆ."

ಅವಳು ಹೊರಗೆ ಹೋಗಿ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಕುಕ್ಕರಿಸಿದಳು. ಅವಳ ಮೇಲೆ ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. ಅವಳದು ತಪ್ಪು, ನಿಜ. ಆದರೆ ಒಳಗಿನದನ್ನು ಕಂಡೂ ಅದಕ್ಕೆ ಹೊಸ ಬಟ್ಟೆ ತೊಡಿಸಿದವನದು ತಪ್ಪಲ್ಲ. ಅದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ.

ಬೂಷ್ಟು ಡಾಕ್ಟರ್ ಸ್ಪಂಜಿನ ನಡುವಿನಿಂದ ಒಂದು ತುಂಡು ಕತ್ತರಿಸಿ ಸಣ್ಣ ಬಾಟಲಿಗೆ ಹಾಕಿ ಮುಚ್ಚಳ ಬಿಗಿದ. ಸತ್ತವರ ರಕ್ತದಲ್ಲಿದ್ದದ್ದೂ ಇದೂ ಒಂದೇ ಎಂದು ತೋರಿಸಲು ಇಷ್ಟು ಸಾಕು ಎಂದ. ಫೋಟೋ ತೆಗೆಯುವಂತಿರಲಿಲ್ಲ, ಐಸಿಯುಗೆ ಬರುವ ಎಲ್ಲರ ಫೋನೂ ಬಾಗಿಲಲ್ಲೇ ಬೀಗ ಹಾಕಿಸಿಕೊಂಡು ಕೂತಿತ್ತು. ದೊಡ್ಡ ಡಾಕ್ಟರದ್ದೊಂದನ್ನು ಬಿಟ್ಟು.

ಅದೇ ಫೋನನ್ನು ಕೈಯಲ್ಲಿ ಹಿಡಿದುಕೊಂಡು ದೊಡ್ಡ ಡಾಕ್ಟರು ಬಂದರು.

ಬಂದವರು ಮೊದಲು ಮಾಡಿದ ಕೆಲಸ, ಗೋಡೆಯ ಸೀಸೆಯಿಂದ ಸ್ಯಾನಿಟೈಸರ್ ಒತ್ತಿಕೊಂಡು ಕೈ ತಿಕ್ಕಿಕೊಂಡದ್ದು. ಬೆರಳ ಸಂದಿ, ಉಗುರ ತುದಿ, ಮಣಿಕಟ್ಟು, ಒಂದೂ ಬಿಡದೆ. ಹಾಸಿಗೆಯತ್ತ ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲದವರ ಹಾಗೆ ನಿಂತರು. ಅದೊಂದರಿಂದಲೇ ಇನ್‌ಸ್ಪೆಕ್ಟರಮ್ಮನಿಗೆ ಎಲ್ಲ ತಿಳಿಯಿತು.

"ಹೊಸ ಹೊದಿಕೆ ಹಾಕಿಸಿದ್ದು ನೀವು," ಅಂದಳು.

"ಹೌದು."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ. ಅವರು ವಿವರಿಸುತ್ತಲೇ ಹೋದರು, ಪಾಠ ಹೇಳುವವರ ಹಾಗೆ ತಣ್ಣಗೆ. ಮೂರನೆಯ ಸಾವಾದಾಗ ತಪಾಸಣೆಯವರು ಬರುವುದಿತ್ತು. ಹೊಸ ಹಾಸಿಗೆ ಬರಲು ತಡ ಎಂದರು, ಹೊದಿಕೆ ಮಾತ್ರ ಕೂಡಲೇ ಸಿಕ್ಕಿತು. ಹೊರಗಿನಿಂದ ಕರೆಸಿದ ಆಳಿನ ಕೈಲಿ ತೊಡಿಸಿದರು. ಹಾಸಿಗೆ ಇಲ್ಲದಿದ್ದರೂ ರೋಗಿಗಳಿಗೆ ಹುಣ್ಣಾಗುತ್ತದೆ, ಹುಣ್ಣಾದರೂ ಸೋಂಕು ಬರುತ್ತದೆ. ಎರಡರಲ್ಲಿ ಒಂದು.

"ಒಳಗೆ ಏನಿದೆ ಅಂತ ನೋಡಿದ್ರಾ?"

"ವಾಸನೆ ಬಂತು," ಅಂದರು ದೊಡ್ಡ ಡಾಕ್ಟರು. "ನೋಡ್ಲಿಲ್ಲ."

"ಆಮೇಲೂ ಇನ್ನೊಬ್ಬರನ್ನ ಮಲಗಿಸಿದ್ರಿ. ಅವರು ಸತ್ತ ಮೇಲೆ ನನ್ನ ತಮ್ಮನ್ನ ಮಲಗಿಸಿದ್ರಿ. ತಪ್ಪು ಮಾತ್ರ ಆ ಎದೆ ತಟ್ಟೋನ ತಲೆಗೆ ಕಟ್ಟಿದ್ರಿ."

"ಮೇಡಮ್, ಐಸಿಯುಗೆ ಬರೋರಲ್ಲಿ ಅರ್ಧ ಜನ ಹೇಗಿದ್ರೂ ಹೋಗೋರೇ. ಇದರಿಂದಲೇ ಹೋದ್ರು ಅಂತ ಹೇಗೆ ಹೇಳ್ತೀರಿ?"

ಹೇಳುತ್ತ ಅವರು ಮತ್ತೆ ಸ್ಯಾನಿಟೈಸರ್ ಒತ್ತಿಕೊಂಡರು. ಅದರ ಸಿಹಿ ನಿಂಬೆಯ ಪರಿಮಳ ಕೊಳೆತ ಸ್ಪಂಜಿನ ವಾಸನೆಯೊಂದಿಗೆ ಬೆರೆಯಿತು. ಇನ್‌ಸ್ಪೆಕ್ಟರಮ್ಮನಿಗೆ ಆ ಗಳಿಗೆಯಲ್ಲಿ ಹಾಸಿಗೆಗಿಂತ ಆ ಕೈಗಳನ್ನು ಕಂಡು ಹೆಚ್ಚು ಹೇಸಿಗೆಯಾಯಿತು. ಅಷ್ಟು ಚೊಕ್ಕವಾಗಿದ್ದವು, ಮಗುವಿನ ಕೈಯಂತೆ.

ನೀವು ಇಲ್ಲಿಂದ ಹೋಗುವುದು ಠಾಣೆಗೆ ಎಂದು ಅವಳು ಹೇಳಿದಳು. ಇನ್ನೂ ಏನೇನೋ ಹೇಳಿದಳು, ಪೊಲೀಸಿನ ಹಳೇ ಬಾಯಿ ಒಮ್ಮೆ ತೆರೆದುಕೊಂಡರೆ ಮುಚ್ಚುವುದು ಕಷ್ಟ. ಅವರು ತಾಳ್ಮೆಯಿಂದ ಪೂರಾ ಕೇಳಿಸಿಕೊಂಡರು. ಆಮೇಲೆ ಫೋನನ್ನು ಅವಳ ಕಡೆಗಲ್ಲ, ಬೂಷ್ಟು ಡಾಕ್ಟರ್ ಕಡೆಗೆ ತಿರುಗಿಸಿ ಹಿಡಿದರು.

"ನಿಮ್ಮ ಲ್ಯಾಬಿಂದ ಈಗ ತಾನೇ ಬಂತು. ಓದಿ ಹೇಳಿ."

ಬೂಷ್ಟು ಡಾಕ್ಟರ್ ಓದಿದ. ಅವನ ಮುಖ ನೋಡಿದ ಮೇಲೆ ಅವನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಆದರೂ ಹೇಳಿದ. ತಮ್ಮನ ರಕ್ತದಲ್ಲಿ ಕ್ರಿಮಿ ಬೆಳೆದಿದೆ. ಅದೇ ಕ್ರಿಮಿ. ಯಾವ ಔಷಧಿಯನ್ನೂ ಲೆಕ್ಕಕ್ಕಿಡುತ್ತಿಲ್ಲ, ಒಂದನ್ನು ಬಿಟ್ಟು. ಮೂತ್ರಪಿಂಡ ಹಾಳು ಮಾಡುತ್ತದೆ ಎಂದು ಹಿಂದೆ ಮೂಲೆಗೆ ಹಾಕಿದ್ದ ಒಂದು ಹಳೆಯ ಇಂಜೆಕ್ಷನ್ ಅದು, ಈಗ ಬೇರೆ ದಾರಿ ಇಲ್ಲದಾಗ ಮಾತ್ರ ತೆಗೆಯುವಂಥದ್ದು. ಇವತ್ತೇ ಶುರು ಮಾಡಿದರೆ ಬದುಕುವ ಸಾಧ್ಯತೆ ಇದೆ. ನಾಳೆಯ ಮಾತು ಹೇಳಲಾಗದು.

ಹಿಡಿದುಕೊಳ್ಳಲು ಇನ್‌ಸ್ಪೆಕ್ಟರಮ್ಮ ಕೈ ಚಾಚಿದರೆ ಸಿಕ್ಕಿದ್ದು ಆ ಹಾಸಿಗೆಯ ಅಂಚೇ.

"ಅದು ಹೊರಗೆ ಎಲ್ಲೂ ಸಿಗ್ತಿಲ್ಲ," ಅಂದರು ದೊಡ್ಡ ಡಾಕ್ಟರು. "ನಾನು ಸ್ವಲ್ಪ ಎತ್ತಿಟ್ಟಿದೀನಿ. ನನ್ನ ಕಪಾಟಲ್ಲಿದೆ. ನನ್ನ ಸಹಿ ಇಲ್ದೆ ತೆಗೆಯೋ ಹಾಗಿಲ್ಲ. ಎಷ್ಟು ಕೊಡ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಪಕ್ಕದಲ್ಲೇ ಇದ್ದು ನೋಡ್ಬೇಕು. ನಾನು ಠಾಣೆಲಿ ಕೂತ್ಕೊಂಡು ಅದನ್ನ ಹೇಗೆ ಮಾಡ್ಲಿ, ನೀವೇ ಹೇಳಿ."

ಗದರಿಸಲಿಲ್ಲ, ಬೆದರಿಸಲಿಲ್ಲ. ಮನೆಯ ಹಿರಿಯರೊಬ್ಬರು ಕಷ್ಟ ಹೇಳಿಕೊಳ್ಳುವ ದನಿ. ಹಾಸಿಗೆಯನ್ನು ಹೊದಿಕೆ, ಬೆಡ್‌ಶೀಟು ಸಮೇತ ಈಗಲೇ ಆಸ್ಪತ್ರೆಯ ಕಸ ಸುಡುವ ಒಲೆಗೆ ಹಾಕಿಸುತ್ತೇನೆ ಎಂದರು. ಅದು ಸುಟ್ಟುಹೋದರೆ ಇನ್ನು ಯಾರೂ ಸಾಯುವುದಿಲ್ಲ, ನೀವು ಬಂದ ಕೆಲಸವೂ ಅದೇ ಅಲ್ಲವೇ ಎಂದರು. ಉಳಿದದ್ದು ಆ ಸಣ್ಣ ಬಾಟಲಿ ಮಾತ್ರ.

ಅವರು ಕೈ ಚಾಚಿದರು. ಚೊಕ್ಕವಾದ, ಒದ್ದೆಯಾದ, ಗುಲಾಬಿ ಬಣ್ಣದ ಕೈ.

ಬೂಷ್ಟು ಡಾಕ್ಟರ್ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಇನ್‌ಸ್ಪೆಕ್ಟರಮ್ಮನನ್ನು ನೋಡಿದ. ಅವನ ತಮ್ಮನಲ್ಲ ಒಳಗೆ ಮಲಗಿದ್ದದ್ದು. ಅವನಿಗೆ ಅದು ಗೊತ್ತಿತ್ತು, ಅದಕ್ಕೇ ತೀರ್ಮಾನವನ್ನು ಅವಳಿಗೇ ಬಿಟ್ಟ.

ಅವಳಿಗೆ ಎದೆ ತಟ್ಟುವವನ ಮುಖ ನೆನಪಾಯಿತು. ಅವನನ್ನು ಇನ್ನು ಯಾವ ಆಸ್ಪತ್ರೆಯೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತ ನಾಲ್ವರ ಮನೆಯವರು ನೆನಪಾದರು, ಇವಳನ್ನು ನಂಬಿ ಕೂತವರು. ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬರ ಮುಂದೆಯೂ ತಗ್ಗದ ತಲೆ. ಇವೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ. ಇನ್ನೊಂದರಲ್ಲಿ, ಸಣ್ಣವನಿದ್ದಾಗ ಇವಳ ಜಡೆ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದ ಒಬ್ಬ.

ಅವಳು ಬಾಟಲಿಯನ್ನು ಬೂಷ್ಟು ಡಾಕ್ಟರ್ ಕೈಯಿಂದ ಬಿಡಿಸಿಕೊಂಡಳು. ಅವನು ಬೆರಳು ಸಡಿಲಿಸಿದ. ಅವಳು ಅದನ್ನು ದೊಡ್ಡ ಡಾಕ್ಟರ ಅಂಗೈ ಮೇಲಿಟ್ಟಳು.

ಅವರು ಮುಚ್ಚಳ ತಿರುಗಿಸಿ, ಸ್ಪಂಜಿನ ತುಂಡನ್ನು ಮೂಲೆಯಲ್ಲಿದ್ದ ಬ್ಲೀಚಿಂಗ್ ಬಕೆಟ್ಟಿಗೆ ಉದುರಿಸಿದರು. ಫಿನಾಯಿಲಕ್ಕ ಬೆಳಿಗ್ಗೆ ತಾನೇ ಕಲಸಿಟ್ಟಿದ್ದ ಗಟ್ಟಿ ನೀರು ಅದು. ತುಂಡು ಒಂದು ಸುತ್ತು ತೇಲಿ, ಕಂದು ಬಿಟ್ಟು ಬೆಳ್ಳಗಾಗಿ, ಮುಳುಗಿತು. ಒಳಗೆ ಬದುಕಿದ್ದದ್ದೆಲ್ಲ ಸತ್ತಿತು. ಈ ಆಸ್ಪತ್ರೆಯಲ್ಲಿ ಬ್ಲೀಚಿಂಗು ತನ್ನ ಕೆಲಸ ಸರಿಯಾಗಿ ಮಾಡಿದ್ದು ಬಹುಶಃ ಅದೇ ಮೊದಲು.

ದೊಡ್ಡ ಡಾಕ್ಟರು ಆಳುಗಳನ್ನು ಕರೆದು, ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ತಳ್ಳುಗಾಡಿಗೆ ಹೇರಿಸಿದರು. ಇಂಜೆಕ್ಷನ್ನಿಗೆ ಈಗಲೇ ಬರೆದುಕೊಡುತ್ತೇನೆ, ಧೈರ್ಯವಾಗಿರಿ ಎಂದು ಹೇಳಿ, ಗಾಡಿಯ ಹಿಂದೆಯೇ ನಡೆದುಹೋದರು. ಬೂಷ್ಟು ಡಾಕ್ಟರ್ ಕೈಗವಸು ಕಳಚಿ ಬುಟ್ಟಿಗೆ ಎಸೆದು, ಅವಳ ಮುಖ ನೋಡದೆ ಹೊರಟ.

ಇನ್‌ಸ್ಪೆಕ್ಟರಮ್ಮ ಒಬ್ಬಳೇ ಉಳಿದಳು. ಕೋಣೆಯಲ್ಲಿ ವಾಸನೆ ಹಾಗೇ ಇತ್ತು. ಹಾಸಿಗೆ ಹೋದ ಮೇಲೂ ಎಲ್ಲಿಂದ ಬರುತ್ತಿದೆ ಎಂದು ಸುತ್ತ ನೋಡಿದಳು. ತನ್ನ ಮೈಯಿಂದಲೇ ಬರುತ್ತಿದೆ ಅನ್ನಿಸಿ ಅಸಹ್ಯವಾಯಿತು. ಆಗಲಿ, ತಮ್ಮ ಬದುಕಿದರೆ ಸಾಕು, ಈ ಹೊಲಸನ್ನು ಜೀವಮಾನವಿಡೀ ಹೊತ್ತುಕೊಂಡು ಓಡಾಡುತ್ತೇನೆ ಎಂದುಕೊಂಡಳು.

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಫಿನಾಯಿಲಕ್ಕ. ಅತ್ತು ಮುಖ ತೊಳೆದುಕೊಂಡು ಬಂದಿದ್ದಳು. ಒಗೆಯುವ ಕಟ್ಟೆಯ ಹತ್ತಿರ ಎಲ್ಲ ಕೇಳಿಸಿತ್ತು. ಅವಳ ಸೊಂಟದಲ್ಲಿ ಕೀಲಿಗೊಂಚಲು ಇತ್ತು, ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಯಾವ ಕಪಾಟು ಅಂದ್ರು ಅವರು?" ಎಂದು ಕೇಳಿದಳು.

"ಅವರದ್ದೇ. ಇಂಜೆಕ್ಷನ್ ಇಟ್ಟಿದ್ದು."

"ಅದು ಖಾಲಿ, ಮೇಡಮ್. ಇದ್ದ ಕೊನೇದನ್ನ ನಾಲ್ಕನೆಯವರಿಗೆ ಕೊಟ್ಟಿದ್ದು ನಾನೇ. ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತು ನೋಡ್ತಿದ್ರು."